ನಿನ್ನೆಯ ಮನ್ನ, ಇಂದಿನ ಅನ್ನ

ಸಂಜೆಯ ಹೊತ್ತು. ನಿಮ್ಮ ಮನೆಯ ರೇಡಿಯೋದಲ್ಲಿ ಹಳೆಯ ಹಾಡೊಂದು ಬರುತ್ತದೆ. ಕೈಯಲ್ಲಿದ್ದ ಕೆಲಸ ತಾನಾಗಿಯೇ ನಿಲ್ಲುತ್ತದೆ. ಆ ಹಾಡನ್ನು ಮೊದಲು ಕೇಳಿದ ಊರು, ಅಂದಿನ ಜಗುಲಿ, ಪಕ್ಕದಲ್ಲಿ ಕುಳಿತಿದ್ದವರ ಮುಖ, ಅಡಿಗೆಮನೆಯಿಂದ ಬರುತ್ತಿದ್ದ ಒಗ್ಗರಣೆಯ ವಾಸನೆ ಎಲ್ಲವೂ ಒಮ್ಮೆಗೇ ಎದ್ದುಬರುತ್ತವೆ. ಹಾಡು ಮುಗಿದಾಗ ಒಂದು ನಿಟ್ಟುಸಿರು. "ಆ ಕಾಲವೇ ಬೇರೆ" ಎಂಬ ಒಂದು ಮಾತು. ಇದರಲ್ಲಿ ತಪ್ಪೇನೂ ಇಲ್ಲ. ನೆನಪೇ ಇಲ್ಲದ ಮನುಷ್ಯನಿಗೆ ಊರೂ ಇಲ್ಲ, ನಂಟೂ ಇಲ್ಲ.

ಆದರೆ ಇನ್ನೊಂದು ಮನೆಯನ್ನು ಊಹಿಸಿಕೊಳ್ಳಿ. ಹಿರಿಯರೊಬ್ಬರು ಹಳ್ಳಿಯ ಮನೆಯನ್ನು ಮಾರಿ ಪಟ್ಟಣದಲ್ಲಿರುವ ಮಗನ ಮನೆಗೆ ಬಂದಿದ್ದಾರೆ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಊಟಕ್ಕೆ ಕುಳಿತಾಗ ಸಾರು ಬಡಿಸಿದ ಸೊಸೆಯನ್ನು ಅವರು ಬೈಯುವುದಿಲ್ಲ. "ನಮ್ಮೂರ ಬಾವಿಯ ನೀರಿನಲ್ಲಿ ಬೆಂದ ಬೇಳೆಯ ರುಚಿಯೇ ಬೇರೆ. ನಿಮ್ಮತ್ತೆ ಮಾಡುತ್ತಿದ್ದ ಸಾರು ಇನ್ನೆಲ್ಲಿ ಸಿಗಬೇಕು, ತಾಯಿ!" ಎಂದಷ್ಟೇ ಹೇಳುತ್ತಾರೆ. ನಿನ್ನೆಯೂ ಹೇಳಿದ್ದರು, ನಾಳೆಯೂ ಹೇಳುತ್ತಾರೆ. ಸೊಸೆ ಏನೂ ಆಡದೆ ಒಳಗೆ ಹೋಗುತ್ತಾಳೆ. ಮಾವನ ಮಾತಿನಲ್ಲಿ ವಿಷವಿಲ್ಲ, ನಿಜ. ಆದರೂ ಬೆಳಗಿನ ಜಾವಕ್ಕೆದ್ದು ಬೇಯಿಸಿದವಳ ಮನಸ್ಸು ದಿನಕ್ಕಿಷ್ಟು ನೋಯುತ್ತಿದೆ. ಕಳೆದುಹೋದ ಕಾಲದ ಹಂಬಲಕ್ಕೆ ಒಂದು ಸುಂಕವುಂಟು. ಅದನ್ನು ಹಂಬಲಿಸುವವರಿಗಿಂತ ಹೆಚ್ಚಾಗಿ ಅವರ ಪಕ್ಕದಲ್ಲಿ ಇರುವವರು ತೆರುತ್ತಾರೆ.

ಹಾಗಾದರೆ ಸವಿನೆನಪು ಎಲ್ಲಿ ಮುಗಿಯುತ್ತದೆ, ಹಳಹಳಿಕೆ ಎಲ್ಲಿ ಮೊದಲಾಗುತ್ತದೆ? ಹಳಹಳಿಕೆಯನ್ನು ಬಿಟ್ಟು ಇಂದಿನ ದಿನದಲ್ಲಿ ಬಾಳುವುದು ಹೇಗೆ? ಎಲ್ಲ ಧರ್ಮಗಳೂ ಈ ಪ್ರಶ್ನೆಯನ್ನು ತಮ್ಮ ತಮ್ಮ ರೀತಿಯಲ್ಲಿ ಎದುರಿಸಿವೆ. ಕ್ರೈಸ್ತ ಶ್ರದ್ಧೆ ಇದಕ್ಕೆ ಏನು ಹೇಳುತ್ತದೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಬೈಬಲನ್ನು ಓದಿದವರಿಗೆ ಇಲ್ಲಿಯ ಕಥೆಗಳು ಪರಿಚಿತವೇ. ಓದದವರಿಗೂ ತಿಳಿಯುವಂತೆ ಅವನ್ನು ಚಿಕ್ಕದಾಗಿ ಹೇಳಿಕೊಂಡೇ ಹೋಗೋಣ.

ಮೊದಲು ಈ ಬೇನೆಯ ಹೆಸರಿನ ಸಂಗತಿ. ಇಂಗ್ಲಿಷಿನಲ್ಲಿ ಇದಕ್ಕೆ ನಾಸ್ಟಾಲ್ಜಿಯಾ ಎನ್ನುತ್ತಾರೆ. ಕೇಳುವುದಕ್ಕೆ ಪ್ರಾಚೀನ ಗ್ರೀಕ್ ಪದದಂತಿದ್ದರೂ ಇದು ವೈದ್ಯನೊಬ್ಬ ಹೊಸದಾಗಿ ಕಟ್ಟಿದ ಮಾತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನೆಸ್ ಹೋಫರ್ ಎಂಬ ತರುಣ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಇದನ್ನು ಬಳಸಿದ. ಮನೆಗೆ ಮರಳುವುದು ಎಂಬ ಅರ್ಥದ ಒಂದು ಗ್ರೀಕ್ ಶಬ್ದ, ನೋವು ಎಂಬ ಅರ್ಥದ ಇನ್ನೊಂದು, ಇವೆರಡನ್ನೂ ಜೋಡಿಸಿದರೆ ನಾಸ್ಟಾಲ್ಜಿಯಾ. ಮನೆ ಬಿಟ್ಟು ದೂರ ಹೋದವರು ಊಟ ನಿದ್ದೆ ಬಿಟ್ಟು ಸೊರಗುವುದನ್ನು ಅವನು ಒಂದು ರೋಗವೆಂದೇ ಎಣಿಸಿದ. ಬರ್ನ್ ಪಟ್ಟಣದಿಂದ ಬಾಸೆಲಿಗೆ ಓದಲು ಬಂದು ಹಾಸಿಗೆ ಹಿಡಿದ ವಿದ್ಯಾರ್ಥಿಯೊಬ್ಬ, ಊರಿಗೆ ಹೊರಟ ದಾರಿಯಲ್ಲೇ ಚೇತರಿಸಿಕೊಂಡನೆಂದು ಹೋಫರ್ ಬರೆದಿದ್ದಾನೆ.

ಆದರೆ ಊರಿಗೆ ಹೋದರೆ ಎಲ್ಲರ ನೋವೂ ವಾಸಿಯಾಗುತ್ತದೆಯೇ? ನೂರು ವರ್ಷಗಳ ಮೇಲೆ, 1798ರಲ್ಲಿ ಪ್ರಕಟವಾದ ಒಂದು ಗ್ರಂಥದಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದ. ಹೀಗೆ ಹಂಬಲಿಸಿ ಊರಿಗೆ ಮರಳಿದವರು ಅಲ್ಲಿ ನಿರಾಶೆಗೊಳ್ಳುತ್ತಾರೆ. ಊರು ಕೆಟ್ಟುಹೋಗಿದೆ ಎಂದು ಅವರು ತಿಳಿಯುತ್ತಾರೆ. ನಿಜವಾಗಿ ಅವರಿಗೆ ಬೇಕಾಗಿದ್ದುದು ಅಲ್ಲಿ ಕಳೆದ ತಮ್ಮ ಎಳೆತನ, ಅದು ಮರಳಿ ಬಾರದು ಎಂಬುದು ಅವನ ಮಾತಿನ ಸಾರ. ನಿಮ್ಮ ಅನುಭವವನ್ನೇ ಕೇಳಿಕೊಳ್ಳಿ. ಬಾಲ್ಯದ ಊರಿಗೆ ಹೋಗಿ ಬಂದವರು ಎಷ್ಟು ಜನ ತೃಪ್ತಿಯಿಂದ ಹಿಂದಿರುಗಿದ್ದಾರೆ? ಅಷ್ಟು ದೊಡ್ಡದಾಗಿ ಕಂಡಿದ್ದ ಕೆರೆ ಇಷ್ಟೇನೇ ಎನ್ನಿಸುತ್ತದೆ. ಊರಿಗೆ ಬಸ್ಸು ಹೋಗುತ್ತದೆ; ಹತ್ತು ವರ್ಷದ ಹುಡುಗನಾಗಿದ್ದ ದಿನಕ್ಕೆ ಯಾವ ಬಸ್ಸೂ ಇಲ್ಲ.

ಇನ್ನು ಬೈಬಲಿಗೆ ಬರೋಣ. ಅದರ ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲ್ಯರೆಂಬ ಜನಾಂಗದ ಕಥೆಯಿದೆ. ಅವರು ಐಗುಪ್ತ ದೇಶದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿದ್ದರು. ಮೋಶೆಯೆಂಬ ನಾಯಕ ಅವರನ್ನು ಬಿಡಿಸಿಕೊಂಡು ಮರುಭೂಮಿಗೆ ಕರೆತಂದ. ಅಲ್ಲಿ ದೇವರು ಅವರಿಗೆ ದಿನವೂ ಬೆಳಗ್ಗೆ ನೆಲದ ಮೇಲೆ ಮನ್ನ ಎಂಬ ಆಹಾರವನ್ನು ಸುರಿಸುತ್ತಿದ್ದನಂತೆ. ಅದಕ್ಕೆ ಜೇನು ಬೆರೆಸಿದ ದೋಸೆಯ ರುಚಿ. ಕೆಲವು ಕಾಲ ಕಳೆಯಿತು. ಜನರಿಗೆ ಬೇಸರ ಬಂತು. ಐಗುಪ್ತದಲ್ಲಿ ಬಿಟ್ಟಿಯಾಗಿ ತಿನ್ನುತ್ತಿದ್ದ ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಒಂದೊಂದಾಗಿ ನೆನೆದು ಗೋಳಾಡತೊಡಗಿದರು. ಈ ಮನ್ನವನ್ನು ನೋಡಿ ನೋಡಿ ಸಾಕಾಯಿತೆಂದರು.

ಈ ಪಟ್ಟಿಯನ್ನು ಗಮನಿಸಿ. ಬೆಳ್ಳುಳ್ಳಿಯವರೆಗೂ ನೆನಪಿದೆ, ಆದರೆ ಅವರು ಹೊತ್ತ ಇಟ್ಟಿಗೆ ಅದರಲ್ಲಿಲ್ಲ. ಹುಲ್ಲು ಕೊಡದೆ ಅಷ್ಟೇ ಇಟ್ಟಿಗೆಯ ಲೆಕ್ಕ ಕೇಳಿದ ಮೇಸ್ತ್ರಿಗಳ ಹೊಡೆತವಿಲ್ಲ. ಹುಟ್ಟಿದ ಗಂಡುಕೂಸುಗಳನ್ನು ನದಿಗೆ ಎಸೆಯಬೇಕೆಂದು ಹೊರಟ ಅರಸನ ಅಪ್ಪಣೆಯಿಲ್ಲ. ಬಿಟ್ಟಿಯಾಗಿ ಸಿಕ್ಕಿದ್ದೆಂದು ಅವರು ಹೇಳಿದ ಮೀನಿಗೆ ಅವರ ಸ್ವಾತಂತ್ರ್ಯವೇ ಬೆಲೆಯಾಗಿತ್ತು. ಹಳಹಳಿಕೆಯ ನೆನಪು ಜರಡಿಯಂತೆ. ತನಗೆ ಬೇಕಾದುದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕೆಳಗೆ ಬಿಡುತ್ತದೆ. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ನಮ್ಮ ಹಳ್ಳಿಯ ಮಾತಿನ ಅರ್ಥವೂ ಇದೇ. "ನಮ್ಮ ಕಾಲದಲ್ಲಿ" ಎಂದು ಮಾತು ತೆಗೆಯುವ ನಾವು ಆ ಕಾಲದ ಪ್ಲೇಗನ್ನೋ, ಹೆರಿಗೆಯಲ್ಲಿ ಕಣ್ಮುಚ್ಚಿದ ಹೆಂಗಸರನ್ನೋ ನೆನೆಯುವುದು ಕಡಿಮೆ. ಹಿಂದಿನ ದಿನಗಳು ಇಂದಿಗಿಂತ ಏಕೆ ಚೆನ್ನಾಗಿದ್ದವು ಎಂದು ಕೇಳುವುದು ಜಾಣತನದ ಪ್ರಶ್ನೆಯಲ್ಲವೆಂದು ಬೈಬಲಿನ ಪ್ರಸಂಗಿ ಎಂಬ ಗ್ರಂಥವೂ ಎಚ್ಚರಿಸುತ್ತದೆ.

ಮನ್ನಕ್ಕೆ ಒಂದು ಕಟ್ಟಳೆಯಿತ್ತು. ತಲೆಗೆ ಒಂದು ಓಮೆರ್ ಅಳತೆಯಂತೆ ಆಯಾ ದಿನದ್ದನ್ನು ಆಯಾ ದಿನವೇ ಕೂಡಿಸಿಕೊಳ್ಳಬೇಕು, ನಾಳೆಗೆಂದು ಉಳಿಸಬಾರದು. ಕೆಲವರು ಕೇಳಲಿಲ್ಲ, ಉಳಿಸಿದರು. ಬೆಳಗಾಗುವುದರೊಳಗೆ ಅದರಲ್ಲಿ ಹುಳು ಬಿದ್ದು ನಾತ ಹೊಡೆಯಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದನ್ನು ಕೂಡಿಸಿಕೊಳ್ಳಲು ಅಪ್ಪಣೆಯಿತ್ತು.

ಇಷ್ಟೇ ಆಗಿದ್ದರೆ ಹಿಂದಿನದೆಲ್ಲವನ್ನೂ ಎಸೆದುಬಿಡಿ ಎಂಬುದೇ ಈ ಕಥೆಯ ನೀತಿಯೆಂದು ಹೇಳಬಹುದಾಗಿತ್ತು. ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದು ಮಾತು ಬರುತ್ತದೆ. ಒಂದು ಓಮೆರ್ ಮನ್ನವನ್ನು ಪಾತ್ರೆಯಲ್ಲಿ ತುಂಬಿ ದೇವರ ಸನ್ನಿಧಿಯಲ್ಲಿ ಇಡಬೇಕೆಂದು ಮೋಶೆ ಹೇಳುತ್ತಾನೆ. ಮರುಭೂಮಿಯಲ್ಲಿ ತಮ್ಮ ಹಿರಿಯರನ್ನು ದೇವರು ಹೇಗೆ ಸಾಕಿದನೆಂಬುದನ್ನು ಮುಂದಿನ ತಲೆಮಾರಿನವರು ನೋಡಲಿ ಎಂಬುದು ಅದರ ಉದ್ದೇಶ. ತಿನ್ನಲು ಉಳಿಸಿದ ಮನ್ನಕ್ಕೆ ಒಂದೇ ರಾತ್ರಿಯಲ್ಲಿ ಹುಳು. ದೇವರ ಮುಂದೆ ಸಾಕ್ಷಿಗೆಂದು ಇಟ್ಟ ಮನ್ನ ತಲೆಮಾರುಗಳಿಗೆ.

ನೆನಪಿನ ವಿಷಯದಲ್ಲಿ ಕ್ರೈಸ್ತ ಶ್ರದ್ಧೆಯ ತಿಳಿವಳಿಕೆಯೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆಯೆಂದರೆ ತಪ್ಪಾಗಲಾರದು. ನಿನ್ನೆ ದೊರೆತ ಒಳಿತನ್ನು ಕೃತಜ್ಞತೆಯ ಭರಣಿಯಲ್ಲಿ ಇಡಬಹುದು, ಮಕ್ಕಳಿಗೆ ತೋರಿಸಬಹುದು. ಅದನ್ನೇ ಇಂದಿನ ಎಲೆಗೆ ಬಡಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳಲು ಹೊರಟರೆ ಅದು ಕೆಡುತ್ತದೆ, ಎದುರಿಗಿರುವ ಅನ್ನವೂ ರುಚಿಸದಂತಾಗುತ್ತದೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವ ರೊಟ್ಟಿಯೂ ಆಯಾ ದಿನದ್ದೇ. ನಿನ್ನೆಯದನ್ನು ಹಿಂದಿರುಗಿಸು ಎಂದು ಅಲ್ಲಿ ಕೇಳಿಲ್ಲ; ನಾಳೆಯದನ್ನು ಮುಂಗಡ ಕೊಡು ಎಂದೂ ಕೇಳಿಲ್ಲ.

ಇದೆಲ್ಲ ಸರಿ, ಆದರೆ ನಿಜವಾಗಿಯೂ ದೊಡ್ಡದನ್ನೇ ಕಳೆದುಕೊಂಡವರ ಗತಿಯೇನು ಎಂದು ನೀವು ಕೇಳಬಹುದು. ಮೀನು, ಬೆಳ್ಳುಳ್ಳಿಯ ಮಾತು ಬೇರೆ. ಮನೆಮಠ ಕಳೆದುಕೊಂಡವರ ಮಾತು ಬೇರೆ. ಅಂಥವರ ಕಥೆಯೂ ಬೈಬಲಿನಲ್ಲಿದೆ. ಕ್ರಿ. ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು, ಅಲ್ಲಿಯ ರಾಜನನ್ನೂ ಪ್ರಮುಖರನ್ನೂ ಕಮ್ಮಾರ ಬಡಗಿಗಳನ್ನೂ ಸೆರೆಯೊಯ್ದ. ಹತ್ತು ವರ್ಷಗಳ ಮೇಲೆ ನಗರವೂ ದೇವಾಲಯವೂ ಸುಟ್ಟು ಬೂದಿಯಾದವು. ನೂರಾರು ಹರದಾರಿ ದೂರದ ಪರನಾಡಿನಲ್ಲಿ, ಕಾಲುವೆಗಳ ದಂಡೆಯಲ್ಲಿ ಕುಳಿತು ಆ ಜನ ಅತ್ತರು. ಅವರ ಅಳುವಿನ ಹಾಡೂ ಕೀರ್ತನೆಗಳ ಗ್ರಂಥದಲ್ಲಿ ಉಳಿದಿದೆ. ಅಳುವುದು ಪಾಪವೆಂದು ಯಾರೂ ಅದನ್ನು ಅಳಿಸಿಹಾಕಲಿಲ್ಲ. ಯೇಸುವೂ ತನ್ನ ಗೆಳೆಯ ಲಾಜರನ ಗೋರಿಯ ಬಳಿ ಕಣ್ಣೀರಿಟ್ಟನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ದುಃಖಕ್ಕೆ ಅದರ ಕಾಲವನ್ನು ಕೊಡಬೇಕು. ಕ್ರೈಸ್ತ ಶ್ರದ್ಧೆ ಅದನ್ನು ನಿಷೇಧಿಸುವುದಿಲ್ಲ.

ಆ ಸಮಯದಲ್ಲಿ ಹನನ್ಯನೆಂಬ ಪ್ರವಾದಿಯೊಬ್ಬ ಎದ್ದು, ಇನ್ನೆರಡೇ ವರ್ಷಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ, ಒಯ್ದವರೆಲ್ಲ ಹಿಂದಿರುಗುತ್ತಾರೆ ಎಂದು ಸಾರಿದ. ಕೇಳುವವರಿಗೆ ಎಷ್ಟು ಹಿತವಾಗಿದ್ದಿರಬೇಕು! ಆದರೆ ಯೆರೂಸಲೇಮಿನಲ್ಲೇ ಉಳಿದಿದ್ದ ಯೆರೆಮೀಯ ಪ್ರವಾದಿ ಅದನ್ನು ಒಪ್ಪಲಿಲ್ಲ. ಸೆರೆಯವರಿಗೆ ಅವನೊಂದು ಕಾಗದ ಬರೆದು ಕಳುಹಿಸಿದ. ಆ ಕಾಗದದ ತಾತ್ಪರ್ಯ ಇಷ್ಟು: ಇರುವ ಊರಿನಲ್ಲಿಯೇ ಮನೆ ಕಟ್ಟಿಕೊಂಡು ನೆಲಸಿರಿ. ತೋಟ ಹಾಕಿ ಅದರ ಫಲವನ್ನು ಉಣ್ಣಿರಿ. ಮಕ್ಕಳಿಗೆ ಮದುವೆ ಮಾಡಿರಿ. ನಿಮ್ಮನ್ನು ಸೆರೆಯೊಯ್ದ ಆ ನಗರದ ಕ್ಷೇಮಕ್ಕಾಗಿಯೇ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿರಿ. ಅದರ ಕ್ಷೇಮದಲ್ಲಿ ನಿಮ್ಮ ಕ್ಷೇಮವಿದೆ. ಮರಳುವ ಕಾಲ ಬರುವುದು ಎಪ್ಪತ್ತು ವರ್ಷಗಳಾದ ಮೇಲೆ.

ಎಪ್ಪತ್ತು ವರ್ಷ! ಕಾಗದವನ್ನು ಓದಿಸಿ ಕೇಳಿದವರಲ್ಲಿ ಹೆಚ್ಚಿನವರು ಊರನ್ನು ಮತ್ತೆ ಕಾಣಲಾರರು ಎಂದೇ ಅದರ ಅರ್ಥ. ಆದರೂ ಅದು ನಿರಾಶೆಯ ಕಾಗದವಲ್ಲ. ಊರನ್ನು ಮರೆತುಬಿಡಿ ಎಂದು ಯೆರೆಮೀಯ ಹೇಳಲಿಲ್ಲ. ಮರಳಿಸುವ ಕೆಲಸವನ್ನು ದೇವರಿಗೆ ಬಿಡಿ, ತೋಟ ಹಾಕುವ ಕೆಲಸ ನಿಮ್ಮದು ಎಂದ. ಗಂಟುಮೂಟೆಯನ್ನು ಬಿಚ್ಚದೆ ಬಾಗಿಲಲ್ಲೇ ಕಾದು ಕುಳಿತವನು ತೋಟ ಹಾಕಲಾರ.

ಅವರು ತೋಟ ಹಾಕಿದರೆಂಬುದಕ್ಕೆ ಬೈಬಲಿನ ಹೊರಗೂ ಆಧಾರ ಸಿಕ್ಕಿದೆ. ಬಾಬಿಲೋನಿಯದ ಗ್ರಾಮಾಂತರದಲ್ಲಿ ಬರೆದ ಸುಮಾರು ನೂರು ಜೇಡಿಮಣ್ಣಿನ ಹಲಗೆಗಳನ್ನು ವಿದ್ವಾಂಸರು 2014ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಅತ್ಯಂತ ಹಳೆಯದು ಕ್ರಿ. ಪೂ. 572ರದು. ಅವುಗಳಲ್ಲಿ ಯೆಹೂದದಿಂದ ಬಂದ ಕುಟುಂಬಗಳ ಹೆಸರುಗಳಿವೆ. ಬಾರ್ಲಿಯ ಲೆಕ್ಕ, ಖರ್ಜೂರದ ಲೆಕ್ಕ, ಗೇಣಿ, ತೆರಿಗೆ, ಸಾಲದ ಕರಾರುಗಳಿವೆ. ಆ ಜನ ನೆಲಸಿದ್ದ ಒಂದು ಊರಿಗೆ ಯೆಹೂದದ ಹೆಸರೇ ಇತ್ತು. ಊರಿನ ಹೆಸರಿನಲ್ಲಿ ತಾಯ್ನಾಡಿನ ನೆನಪನ್ನು ಉಳಿಸಿಕೊಂಡರು. ಹೊಲದಲ್ಲಿ ಆ ವರ್ಷದ ಬಾರ್ಲಿಯನ್ನೇ ಬಿತ್ತಿದರು. ಭರಣಿಯೂ ಇತ್ತು, ಎಲೆಯಲ್ಲಿ ಇಂದಿನ ಅನ್ನವೂ ಇತ್ತು.

ಯೆರೆಮೀಯನ ಈ ಕಾಗದವನ್ನು ಓದುವಾಗ ಕನ್ನಡಿಗರಿಗೆ ಬಾಸೆಲ್ ನಗರ ಮತ್ತೊಮ್ಮೆ ನೆನಪಾಗುವುದು ಸಹಜ. ನಾಸ್ಟಾಲ್ಜಿಯಾ ಎಂಬ ಮಾತು ಹುಟ್ಟಿದ ಆ ಊರಿನಲ್ಲೇ 1815ರಲ್ಲಿ ಬಾಸೆಲ್ ಮಿಷನ್ ಸ್ಥಾಪನೆಯಾಯಿತು. ಅದರ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1853ರಲ್ಲಿ ಬಂದ ಫೆರ್ಡಿನಂಡ್ ಕಿಟೆಲರು ಇಲ್ಲಿಯ ಜನರ ಮಾತನ್ನೂ ಗಾದೆಗಳನ್ನೂ ಹಳೆಯ ಕಾವ್ಯಗಳನ್ನೂ ಕಲಿತು ಕೂಡಿಸಿದ ನಿಘಂಟು 1894ರಲ್ಲಿ ಹೊರಬಂತು. ಅದರಲ್ಲಿ ಸುಮಾರು 70,000 ಪದಗಳಿವೆ. ಮನೆಯಿಂದ ಸಾವಿರಾರು ಮೈಲಿ ದೂರ ಬಂದವರಿಗೆ ಊರಿನ ನೆನಪು ಬಾರದೆ ಇರಲಾರದು. ಆದರೂ ಎದುರಿಗಿದ್ದ ಊರಿನ ಮಾತಿಗೆ ಕಿವಿಗೊಟ್ಟುದರಿಂದ ಇಂದಿಗೂ ನಾವು ತೆರೆದು ನೋಡುವ ಒಂದು ಗ್ರಂಥ ನಮಗೆ ಉಳಿಯಿತು.

ಬಾಬಿಲೋನಿನ ಕಥೆ ಇನ್ನೂ ಸ್ವಲ್ಪ ಇದೆ. ಕ್ರಿ. ಪೂ. 538ರಲ್ಲಿ ಪಾರಸಿಯ ಅರಸ ಕೋರೇಷ ಈ ಜನರಿಗೆ ಊರಿಗೆ ಮರಳಲು ಅಪ್ಪಣೆಯಿತ್ತ. ಹೋದವರು ಹಾಳುಬಿದ್ದ ದೇವಾಲಯಕ್ಕೆ ಹೊಸ ಅಡಿಪಾಯ ಹಾಕಿದರು. ಆ ದಿನ ಕಿರಿಯರು ಸಂತೋಷದಿಂದ ಕೂಗಿದರಂತೆ. ಮೊದಲಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರಂತೆ. ಯಾವುದು ಅಳು, ಯಾವುದು ಹರ್ಷ ಎಂದು ಕೇಳುವವರಿಗೆ ತಿಳಿಯದೆ ಹೋಯಿತೆಂದು ಎಜ್ರನ ಗ್ರಂಥ ಹೇಳುತ್ತದೆ. ಮುಂದೆ ಆ ಕೆಲಸ ನಿಂತೇಹೋಯಿತು. ಕ್ರಿ. ಪೂ. 520ರಲ್ಲಿ ಹಗ್ಗಾಯ ಪ್ರವಾದಿ ಬಂದು ಅವರನ್ನು ನೇರವಾಗಿ ಕೇಳಿದ: ಹಿಂದಿನ ವೈಭವವನ್ನು ಕಂಡವರು ನಿಮ್ಮಲ್ಲಿ ಯಾರಿದ್ದೀರಿ? ಅದರ ಮುಂದೆ ಇದು ಏನೂ ಅಲ್ಲವೆಂದು ತೋರುತ್ತದೆಯಲ್ಲವೇ? ಮುದುಕರ ನೋವನ್ನು ಅವನು ಅಲ್ಲಗಳೆಯಲಿಲ್ಲ. ಧೈರ್ಯ ತಂದುಕೊಂಡು ಕೆಲಸಕ್ಕೆ ಕೈಹಚ್ಚಿ, ದೇವರು ನಿಮ್ಮ ಸಂಗಡ ಇದ್ದಾನೆ ಎಂದಷ್ಟೇ ಹೇಳಿದ. ಐದು ವರ್ಷಗಳಲ್ಲಿ ಆ ಕಟ್ಟಡ ಮುಗಿಯಿತು. ದೇವರು ಹಳೆಯ ಗುಡಿಯ ಬೂದಿಯಲ್ಲಿ ಉಳಿದುಹೋಗಿಲ್ಲ, ಹೊಸ ಕಲ್ಲು ಹೊರುವವರ ಜೊತೆಗೂ ಇದ್ದಾನೆ ಎಂಬ ನಂಬಿಕೆಯೇ ಅವರ ಕೈಗಳಿಗೆ ಬಲವಾಯಿತು.

ಇದುವರೆಗೆ ಸಿಹಿಯಾದ ಹಿಂದಿನ ಮಾತಾಯಿತು. ಕಹಿಯಾದ ಹಿಂದೂ ಒಂದುಂಟು. ಕೆಲವರು ಹಿಂದಕ್ಕೆ ನೋಡುವುದು ಹಂಬಲದಿಂದಲ್ಲ, ಪಶ್ಚಾತ್ತಾಪದಿಂದ. "ಅಣ್ಣನಿಗೆ ಆ ಮಾತು ಆಡಬಾರದಿತ್ತು." "ಡಾಕ್ಟರನ್ನು ಒಂದು ದಿನ ಮೊದಲೇ ಕರೆಯಬೇಕಾಗಿತ್ತು." ಹೀಗೆ ರಾತ್ರಿಯೆಲ್ಲ ಒಂದೇ ದಿನವನ್ನು ಮಗುಚಿ ಮಗುಚಿ ಹಾಕುವವರಿದ್ದಾರೆ. ಇವೆರಡು ಬಗೆಯ ಹಿಂದನ್ನೂ ಒಬ್ಬನೇ ಹೊತ್ತಿದ್ದುದನ್ನು ಅಪೊಸ್ತಲನಾದ ಪೌಲನಲ್ಲಿ ಕಾಣುತ್ತೇವೆ. ಅವನಿಗೆ ಹೆಮ್ಮೆಪಡುವಂಥ ಕುಲವಿತ್ತು, ವಿದ್ಯೆಯಿತ್ತು, ಕಟ್ಟುನಿಟ್ಟಾದ ಆಚಾರವಿತ್ತು. ಅವನ ಕೈಯಲ್ಲಿ ರಕ್ತವೂ ಇತ್ತು. ಕ್ರೈಸ್ತನಾಗುವ ಮೊದಲು ಅವನು ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದವನು. ಸ್ತೆಫನನೆಂಬ ಭಕ್ತನನ್ನು ಕಲ್ಲೆಸೆದು ಕೊಂದಾಗ ಕೊಂದವರ ಪಕ್ಷದಲ್ಲಿ ನಿಂತಿದ್ದವನು.

ಅಂಥ ಪೌಲ ಸೆರೆಮನೆಯಿಂದ ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ, ಓಟಗಾರನ ಹೋಲಿಕೆಯೊಂದು ಬರುತ್ತದೆ. ಓಡುವವನು ಹಿಂದಿರುಗಿ ನೋಡುತ್ತಿದ್ದರೆ ಗುರಿ ಮುಟ್ಟಲಾರ; ತಾನು ಹಿಂದಿನದನ್ನು ಮರೆತು ಮುಂದಿನದಕ್ಕೆ ಮೈಚಾಚಿ ಓಡುತ್ತಿದ್ದೇನೆ ಎಂಬುದು ಅವನ ಮಾತು. ಆದರೆ ಅದೇ ಪತ್ರದ ಆರಂಭವನ್ನು ತೆರೆದು ನೋಡಿ. ನಿಮ್ಮನ್ನು ನೆನಸಿಕೊಂಡಾಗಲೆಲ್ಲ ದೇವರಿಗೆ ಸ್ತೋತ್ರ ಹೇಳುತ್ತೇನೆ ಎಂಬರ್ಥದ ಮಾತಿನಿಂದಲೇ ಅದು ಮೊದಲಾಗುತ್ತದೆ. ಮರೆಯುತ್ತೇನೆ ಎನ್ನುವವನೂ ನೆನೆಯುತ್ತೇನೆ ಎನ್ನುವವನೂ ಒಬ್ಬನೇ. ಅವನು ಮರೆತದ್ದು ತನ್ನ ಹಿರಿಮೆಯ ಲೆಕ್ಕವನ್ನು, ಕ್ಷಮೆ ಪಡೆದ ತಪ್ಪಿನ ಲೆಕ್ಕವನ್ನು. ಅವನು ನೆನೆದದ್ದು ಗೆಳೆಯರನ್ನು. ಆ ನೆನಪೂ ನಿಟ್ಟುಸಿರಾಗಿ ನಿಲ್ಲದೆ ಸ್ತೋತ್ರವಾಗಿ, ಅವರಿಗೆ ಬರೆದ ಕಾಗದವಾಗಿ ಮುಂದುವರಿಯಿತು.

ಮುಗಿದ ತಪ್ಪಿನ ವಿಷಯದಲ್ಲಿ ಕ್ರೈಸ್ತ ಶ್ರದ್ಧೆಯ ದಾರಿ ಸರಳ, ಆದರೆ ಸುಲಭವಲ್ಲ. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳಬೇಕು. ದೇವರ ಕ್ಷಮೆಯನ್ನು ನಂಬಬೇಕು. ಇಂದು ಸರಿಪಡಿಸಲು ಆಗುವುದನ್ನು ಇಂದೇ ಸರಿಪಡಿಸಬೇಕು. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಒಂದಾಗಿ ಬಾ ಎಂದು ಯೇಸು ಬೋಧಿಸಿದ. ಅಣ್ಣ ಇನ್ನೂ ಬದುಕಿದ್ದರೆ ಇಂದು ಒಂದು ಕಾಗದ ಬರೆಯಬಹುದು, ಫೋನು ಮಾಡಬಹುದು. ಅವನಿಲ್ಲದಿದ್ದರೆ ಅವನ ಮಕ್ಕಳಿದ್ದಾರೆ. ಅದೂ ಆಗದೆಂಬುದನ್ನು ದೇವರ ಕೈಗೆ ಒಪ್ಪಿಸಿ ಏಳಬೇಕು. ಇಷ್ಟಾದರೂ ತಿಂಗಳುಗಟ್ಟಲೆ ಊಟ ನಿದ್ದೆ ಸೇರದಂತಾದರೆ ವೈದ್ಯರನ್ನು ಕಾಣುವುದರಲ್ಲಿ ಶ್ರದ್ಧೆಗೆ ಕುಂದಿಲ್ಲ.

ಹಿಂದನ್ನು ಕೆಳಗಿಟ್ಟ ಮೇಲೆ ಇಂದಿನಲ್ಲಿ ಬಾಳುವುದೆಂದರೇನು? ಇದಕ್ಕೆ ಉತ್ತರವನ್ನು ಒಂದು ಅಡಿಗೆಮನೆಯಲ್ಲಿ ನೋಡಬಹುದು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ನಿಕೊಲಾಸ್ ಹೆರ್ಮನ್ ಎಂಬುವನು ಸೈನಿಕನಾಗಿದ್ದು, ಯುದ್ಧದಲ್ಲಿ ಗಾಯಗೊಂಡು, ಆಮೇಲೆ ದೊಡ್ಡವರ ಮನೆಯಲ್ಲಿ ಆಳಾಗಿದ್ದು, 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಸಭೆಯ ಮಠವನ್ನು ಸೇರಿದ. ಅಲ್ಲಿ ಅವನಿಗೆ ಸಹೋದರ ಲಾರೆನ್ಸ್ ಎಂಬ ಹೆಸರಾಯಿತು. ಮಠದಲ್ಲಿ ಅವನಿಗೆ ವಹಿಸಿದ್ದು ಅಡಿಗೆಯ ಕೆಲಸ. ಸ್ವಭಾವತಃ ಅವನಿಗೆ ಅದೆಂದರೆ ಆಗದು. ಆದರೂ ಹಲವು ವರ್ಷ ಅದನ್ನೇ ಮಾಡಿದ. ಕಾಲಿನ ನೋವು ಹೆಚ್ಚಾದ ಮೇಲೆ ಕೆರ ಹೊಲಿಯುತ್ತ ಕುಳಿತ. 1691ರಲ್ಲಿ ತೀರಿಕೊಂಡ.

ಅವನ ಮಾತುಗಳನ್ನೂ ಕಾಗದಗಳನ್ನೂ ಅವನ ಮರಣಾನಂತರ ಕೂಡಿಸಿದ ಚಿಕ್ಕ ಪುಸ್ತಕ ಇಂದಿಗೂ ಹಲವು ಭಾಷೆಗಳಲ್ಲಿ ಓದಲ್ಪಡುತ್ತಿದೆ. ಅದರಲ್ಲಿ ದೊಡ್ಡ ತತ್ತ್ವವೇನೂ ಇಲ್ಲ. ಪಾತ್ರೆಗಳ ಸದ್ದು, ಒಬ್ಬರ ಮೇಲೊಬ್ಬರು ಅದು ತಾ ಇದು ತಾ ಎಂದು ಕೂಗುವ ಗದ್ದಲ, ಇವುಗಳ ನಡುವೆಯೂ ಗುಡಿಯಲ್ಲಿ ಮೊಣಕಾಲೂರಿದಾಗ ಇರುವಷ್ಟೇ ಸಮಾಧಾನದಿಂದ ದೇವರ ಸಂಗಡ ಇರಲು ಅವನು ಅಭ್ಯಾಸ ಮಾಡಿಕೊಂಡ. ಮನಸ್ಸು ಎಲ್ಲಿಗಾದರೂ ಓಡಿದರೆ ಬೈದುಕೊಳ್ಳದೆ ಅದನ್ನು ಮೆಲ್ಲಗೆ ಹಿಂದಕ್ಕೆ ತರುತ್ತಿದ್ದ. ತಪ್ಪು ಮಾಡಿದರೆ ಒಪ್ಪಿಕೊಂಡು, ಅದನ್ನೇ ಕೆದಕುತ್ತ ಕೂರದೆ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದ. ಕೆಲಸ ಯಾವುದೆಂಬುದಕ್ಕಿಂತ ಯಾವ ಪ್ರೀತಿಯಿಂದ ಮಾಡುತ್ತೇವೆಂಬುದೇ ದೊಡ್ಡದೆಂದು ತಿಳಿದಿದ್ದ. ಇಂದಿನಲ್ಲಿ ಬಾಳುವುದೆಂದರೆ ಮನಸ್ಸನ್ನು ಖಾಲಿ ಮಾಡಿಕೊಳ್ಳುವುದಲ್ಲ. ಎದುರಿಗಿರುವ ಕೆಲಸದಲ್ಲಿ, ಎದುರಿಗಿರುವ ಮನುಷ್ಯನಲ್ಲಿ ದೇವರು ತನ್ನನ್ನು ಕಾದಿದ್ದಾನೆಂದು ನಂಬಿ ಅಲ್ಲಿಗೆ ಹೋಗುವುದು.

ಆ ನಂಬಿಕೆಗೆ ಆಧಾರವಾದರೂ ಏನು? ಕ್ರೈಸ್ತರು ಇದಕ್ಕೆ ಯೇಸುವಿನ ಪುನರುತ್ಥಾನವನ್ನು ತೋರಿಸುತ್ತಾರೆ. ಯೇಸು ಶಿಲುಬೆಯ ಮೇಲೆ ಸತ್ತ ಮೂರನೆಯ ದಿನ ಬೆಳಗಿನ ಜಾವ ಮಗ್ದಲದ ಮರಿಯಳೆಂಬ ಶಿಷ್ಯೆ ಗೋರಿಗೆ ಬಂದಳು. ಗೋರಿ ಬರಿದಾಗಿತ್ತು. ದೇಹವನ್ನು ಯಾರೋ ಒಯ್ದರೆಂದು ಅವಳು ಅಳುತ್ತ ನಿಂತಳು. ಯೇಸು ಜೀವಂತನಾಗಿ ಅವಳ ಎದುರಿಗೇ ನಿಂತಿದ್ದರೂ ಅವಳು ಗುರುತಿಸಲಿಲ್ಲ. ತೋಟದ ಮಾಲಿಯೆಂದು ತಿಳಿದು, ದೇಹವನ್ನು ಎಲ್ಲಿಟ್ಟೆ ಎಂದು ಅವನನ್ನೇ ಕೇಳಿದಳು. ಅವನು ಅವಳ ಹೆಸರು ಹಿಡಿದು ಕರೆದಾಗ ಮಾತ್ರ ಗುರುತು ಸಿಕ್ಕಿತು. ಆಗಲೂ ಅವನು, ನನ್ನನ್ನು ಹಿಡಿದುಕೊಂಡು ನಿಲ್ಲಬೇಡ, ಹೋಗಿ ಸಹೋದರರಿಗೆ ತಿಳಿಸು ಎಂದು ಕಳುಹಿಸಿದ. ಕಳೆದುಹೋದುದನ್ನು ಹುಡುಕುತ್ತಿದ್ದ ಕಣ್ಣಿಗೆ ಎದುರಿಗಿದ್ದ ಜೀವ ಕಾಣಲಿಲ್ಲ. ನಮ್ಮ ಮನೆಗಳಲ್ಲಿಯೂ ನಡೆಯುವುದು ಇದೇ ಅಲ್ಲವೇ? ದೇವರು ನಿನ್ನೆಯ ಗೋರಿಯಲ್ಲಿಲ್ಲ, ಜೀವಂತನಾಗಿ ಇಂದು ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದಾನೆ ಎಂಬುದು ಕ್ರೈಸ್ತರ ನಂಬಿಕೆ.

ಹಳೆಯದನ್ನು ಉಳಿಸಿಕೊಂಡೂ ಇಂದಿನದನ್ನು ಉಣ್ಣುವ ಬಗೆಗೆ ನಮ್ಮ ನಾಡಿನಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಸೆಪ್ಟೆಂಬರ್ 8ರಂದು ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು ಮೊಂತಿ ಹಬ್ಬವನ್ನು ಆಚರಿಸುತ್ತಾರೆ. ಅದು ಕನ್ಯಾಮರಿಯಳ ಜನ್ಮದಿನದ ಹಬ್ಬ, ಹೊಸತೆನೆಯ ಹಬ್ಬವೂ ಹೌದು. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಹಬ್ಬ ತಲೆಮಾರುಗಳಿಂದ ಬಂದದ್ದು. ಆ ದಿನ ತೀರಿಹೋದ ಹಿರಿಯರ ನೆನಪೂ ಬಾರದೆ ಇರದು. ಆದರೆ ತೆನೆ ಮಾತ್ರ ಈ ವರ್ಷದ್ದೇ ಆಗಬೇಕು. ಹಳೆಯ ವರ್ಷದ ಒಣಗಿದ ತೆನೆಯಿಂದ ಹೊಸತಿನ ಹಬ್ಬವಾಗದು.

ಓದುಗರೇ, ನೀವು ಯಾವ ಧರ್ಮದವರೇ ಆಗಿರಿ, ಇಂದು ರಾತ್ರಿಯೇ ಮಾಡಿನೋಡಬಹುದಾದ ಎರಡು ಸಣ್ಣ ಸಂಗತಿಗಳಿವೆ. ಮೊದಲನೆಯದು, ಹಳೆಯದನ್ನು ಹೇಳುವಾಗ ಹೋಲಿಕೆಯನ್ನು ಬಿಟ್ಟು ಕೃತಜ್ಞತೆಯಿಂದ ಹೇಳುವುದು. "ಅಂಥದು ಈಗೆಲ್ಲಿ" ಎಂಬ ಬಾಲವನ್ನು ಕತ್ತರಿಸಿದರೆ ಅದೇ ನೆನಪು ಕಥೆಯಾಗುತ್ತದೆ. ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಎರಡನೆಯದು, ಮಲಗುವ ಮೊದಲು ಆ ದಿನ ದೊರೆತ ಒಂದು ಒಳಿತನ್ನು, ಅದನ್ನು ಕೊಟ್ಟವರ ಹೆಸರಿನೊಂದಿಗೆ ನೆನೆದು ದೇವರಿಗೆ ಒಪ್ಪಿಸುವುದು. ಮೊದಲು ಕೆಲವು ದಿನ ಏನೂ ತೋರದಿರಬಹುದು. ಹುಡುಕುವ ಕಣ್ಣಿಗೆ ನಿಧಾನವಾಗಿ ಅಭ್ಯಾಸವಾಗುತ್ತದೆ.

ನಾವು ಮೊದಲು ಕಂಡ ಆ ಹಿರಿಯರ ಮನೆಗೆ ಮರಳೋಣ. ಊಟದ ಹೊತ್ತು. ಸೊಸೆ ಸಾರು ಬಡಿಸುತ್ತಾಳೆ. ಅವರಿಗೆ ಹೆಂಡತಿಯ ನೆನಪು ಬರುತ್ತದೆ, ಬರಲಿ. ಆ ಬಾವಿಯ ಕಥೆಯನ್ನೂ ಅವರು ಮೊಮ್ಮಗನಿಗೆ ಹೇಳಲಿ. ಆದರೆ ಅದಕ್ಕೆ ಮೊದಲು ಒಂದು ತುತ್ತು ಬಾಯಿಗಿಟ್ಟು, ತಲೆಯೆತ್ತಿ, "ಇವತ್ತು ಸಾರಿಗೆ ಇಂಗು ಹದವಾಗಿದೆ, ತಾಯಿ, ಇನ್ನೊಂದು ಸೌಟು ಹಾಕು" ಎಂದರೆ ಸಾಕು. ಊರು ಮರಳಿ ಬರುವುದಿಲ್ಲ, ಹೋದವರೂ ಬರುವುದಿಲ್ಲ. ಆದರೆ ಎದುರಿಗೆ ಸೌಟು ಹಿಡಿದು ನಿಂತ ಮಗಳಂಥವಳು ಅವರಿಗೆ ಆ ದಿನ ಮೊದಲ ಸಲ ಕಾಣುತ್ತಾಳೆ.